ಬೊಗಳದ ನಾಯಿ, ಬಾಯಿಲ್ಲದ ಸಾಕ್ಷಿ

ಪತ್ತೇದಾರಿ ಕಾದಂಬರಿಯಲ್ಲಿ ಸಾಕ್ಷಿ ಹೇಳುವವರೆಲ್ಲ ಏನನ್ನೋ ಮುಚ್ಚಿಡುತ್ತಾರೆ. ಅಡುಗೆಯವಳಿಗೆ ಕೆಲಸ ಹೋದೀತೆಂಬ ಭಯ, ಅಳಿಯನಿಗೆ ಆಸ್ತಿಯ ಆಸೆ, ಡಾಕ್ಟರಿಗೆ ಹೆಸರು ಕೆಟ್ಟೀತೆಂಬ ಚಿಂತೆ. ಏನನ್ನೂ ಮುಚ್ಚಿಡಲು ಬಾರದ ಜೀವ ಆ ಮನೆಯಲ್ಲಿ ಒಂದೇ, ಜಗಲಿಯಲ್ಲಿ ಮಲಗಿರುವ ನಾಯಿ. ರಾತ್ರಿ ಬಂದವರು ಯಾರೆಂದು ಅದಕ್ಕೆ ಗೊತ್ತು. ಹೇಳೋಣವೆಂದರೆ ಬಾಯಿಲ್ಲ. ನಾಯಿ ಮುಖ್ಯ ಪಾತ್ರವಾಗಿರುವ ರಹಸ್ಯ ಕಾದಂಬರಿಗಳೆಲ್ಲ ಈ ಇಕ್ಕಟ್ಟಿನ ಮೇಲೇ ನಿಂತಿವೆ. ಅದು ಹೇಳಲಾರದ್ದನ್ನು ಅದರ ನಡೆಯಿಂದ ಓದಿಕೊಳ್ಳಬೇಕು. ಓದಿಕೊಂಡವನೇ ಪತ್ತೇದಾರ.

ಇಂಗ್ಲಿಷಿನಲ್ಲಿ ಇದು ದೊಡ್ಡ ಪ್ರಕಾರ. ಪುಸ್ತಕದಂಗಡಿಗಳಲ್ಲಿ ಇದಕ್ಕೆಂದೇ ಬೇರೆ ಸಾಲು ಇಡುವಷ್ಟು. ಕನ್ನಡದಲ್ಲಿ ನಾಯಿಯೂ ಇದೆ, ಪತ್ತೇದಾರಿಯೂ ಇದೆ, ಎರಡೂ ಕೂಡಿದ ಪುಸ್ತಕಗಳು ಮಾತ್ರ ವಿರಳ. ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನಿಂದ ಮೊದಲುಗೊಂಡು 500ಕ್ಕೂ ಹೆಚ್ಚು ಕಾದಂಬರಿ ಬರೆದು ಒಂದು ತಲೆಮಾರಿಗೆ ಓದುವ ಹುಚ್ಚು ಹಿಡಿಸಿದರು. ಆ ಬಾಡಿಗೆ ಪುಸ್ತಕದಂಗಡಿಗಳ ಕಾಲದಿಂದಲೂ ಈ ಜಾಗ ಹೆಚ್ಚುಕಡಿಮೆ ಖಾಲಿಯಾಗಿಯೇ ಉಳಿದಿದೆ. ಈ ಬಗೆಯ ಕಥೆಯ ಒಳಗಿನ ಯಂತ್ರ ಹೇಗೆ ತಿರುಗುತ್ತದೆ, ಅದನ್ನು ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯಂಥ ಊರಿನಲ್ಲಿಟ್ಟು ನಡೆಸುವುದಾದರೆ ಏನೇನು ಬೇಕು ಎಂಬುದನ್ನು ಓದುವವರಿಗೂ ಬರೆಯಬೇಕೆಂದಿರುವವರಿಗೂ ಸೇರಿಸಿ ಹೇಳುತ್ತೇನೆ.

ಸದ್ದಿಲ್ಲದ್ದೇ ಸುಳಿವು

ಎಲ್ಲಕ್ಕೂ ಮೂಲ ಆರ್ಥರ್ ಕಾನನ್ ಡಾಯ್ಲ್ 1892ರಲ್ಲಿ ಬರೆದ ‘ಸಿಲ್ವರ್ ಬ್ಲೇಜ್’ ಎಂಬ ಸಣ್ಣಕಥೆ. ಪಂದ್ಯದ ಕುದುರೆಯೊಂದು ರಾತ್ರೋರಾತ್ರಿ ಲಾಯದಿಂದ ಕಾಣೆಯಾಗುತ್ತದೆ, ಅದನ್ನು ಪಳಗಿಸುತ್ತಿದ್ದವನು ಬಯಲಿನಲ್ಲಿ ಸತ್ತು ಬಿದ್ದಿರುತ್ತಾನೆ. ಕಾವಲು ಹುಡುಗನ ಊಟದಲ್ಲಿ ಅಫೀಮಿನ ಪುಡಿ ಬೆರೆತಿದೆ, ಅದೂ ಅದರ ರುಚಿ ಅಡಗಿಸುವಂಥ ಮಸಾಲೆಯ ಮಾಂಸದಡುಗೆಯಲ್ಲಿ. ಪೊಲೀಸರು ಹೊರಗಿನಿಂದ ಬಂದ ಅಪರಿಚಿತನೊಬ್ಬನನ್ನು ಹಿಡಿದಿದ್ದಾರೆ. ಶೆರ್ಲಾಕ್ ಹೋಮ್ಸ್ ಒಬ್ಬನ ಕಣ್ಣಿಗೆ ಬೀಳುವುದು ಲಾಯದಲ್ಲಿದ್ದ ನಾಯಿ. ಅದು ಆ ರಾತ್ರಿ ಬೊಗಳಲೇ ಇಲ್ಲ. ಮೇಲಿನ ಅಟ್ಟದಲ್ಲಿ ಮಲಗಿದ್ದ ಹುಡುಗರಿಗೆ ಎಚ್ಚರವಾಗಲಿಲ್ಲ. ಅಂದಮೇಲೆ ಬಂದವನು ನಾಯಿಗೆ ಗೊತ್ತಿದ್ದವನು.

ಇಲ್ಲಿ ಡಾಯ್ಲ್ ಮಾಡಿದ್ದನ್ನು ಸಾವಧಾನವಾಗಿ ನೋಡಬೇಕು. ಸುಳಿವೆಂದರೆ ಬಿದ್ದ ಗುಂಡಿ, ಸಿಗರೇಟಿನ ಬೂದಿ, ಹೆಜ್ಜೆಗುರುತು ಎಂದು ಓದುಗ ಹುಡುಕುತ್ತಿರುತ್ತಾನೆ. ಇರುವ ವಸ್ತುವನ್ನೇ ಹುಡುಕುವ ಆ ಕಣ್ಣಿಗೆ, ಇರಬೇಕಾಗಿದ್ದು ಇಲ್ಲದಿರುವುದು ಕಾಣುವುದೇ ಇಲ್ಲ. ಲಾಯದಲ್ಲಿ ನಾಯಿ ಇದೆ ಎಂದು ಕಥೆ ಮೊದಲೇ ಹೇಳಿಬಿಟ್ಟಿದೆ, ಯಾವುದನ್ನೂ ಬಚ್ಚಿಟ್ಟಿಲ್ಲ. ಓದುಗನಿಗೂ ಹೋಮ್ಸನಿಗೂ ಸಿಕ್ಕ ಮಾಹಿತಿ ಒಂದೇ. 1929ರಲ್ಲಿ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದಾಗ, ಸಿಕ್ಕ ಸುಳಿವನ್ನು ಓದುಗನ ಮುಂದೆಯೂ ಇಡಬೇಕು ಎಂಬುದನ್ನೂ ಸೇರಿಸಿದ. ಡಾಯ್ಲ್‌ನ ನಾಯಿ ಆ ನಿಯಮವನ್ನು ಅದು ಹುಟ್ಟುವ ಮೊದಲೇ ಪಾಲಿಸಿತ್ತು.

ಇದನ್ನು ಕುರುಡುಮಲೆಗೆ ತಂದುಕೊಳ್ಳಿ. ಊರಿನ ಹೆಸರು ಕೇಳಿದರೆ ಎಲ್ಲರಿಗೂ ನೆನಪಾಗುವುದು ಏಕಶಿಲೆಯ ಆ ದೊಡ್ಡ ಗಣಪ. ಹತ್ತಿರದಲ್ಲೇ ಚೋಳರ ಕಾಲದ ಸೋಮೇಶ್ವರನ ಗುಡಿ, ಸುತ್ತ ಬಂಡೆಗಳ ಬೆಟ್ಟ. ಕೆಲಸ ಶುರುಮಾಡುವ ಮುಂಚೆ ಈ ಗಣಪನಿಗೆ ಕೈಮುಗಿದು ಹೋಗಬೇಕೆಂದು ಬರುವವರ ಕಾರು, ಬಸ್ಸು ಹಗಲೆಲ್ಲ ಇದ್ದೇ ಇರುತ್ತವೆ. ಯಾತ್ರಾಸ್ಥಳದ ಬೀದಿನಾಯಿ ಹಗಲು ಹೊಸ ಮುಖ ಕಂಡರೆ ಬೊಗಳುವುದಿಲ್ಲ, ಪ್ರಸಾದದ ಆಸೆಗೆ ಬಾಲ ಆಡಿಸಿಕೊಂಡು ಹಿಂದೆ ಹೋಗುತ್ತದೆ. ಗುಡಿಯ ಬಾಗಿಲು ಹಾಕಿ ಅಂಗಡಿಗಳ ದೀಪ ಆರಿದ ಮೇಲೆ ಅದೇ ನಾಯಿ ಬೇರೆ. ಆಗ ಬೀದಿ ಅದರದ್ದು. ಕೊನೆಯ ಮನೆಯ ಹತ್ತಿರ ಒಂದು ಕೂಗಿದರೆ ಗುಡಿಯ ಮುಂದಿನದು ಎದ್ದು ಕೂಗುತ್ತದೆ, ಅಲ್ಲಿಂದ ಕೆರೆಯ ಕಡೆಯದು. ಹಗಲು ಬೊಗಳದ ನಾಯಿ ರಾತ್ರಿಯೂ ಬೊಗಳದಿದ್ದರೆ ಅದರಲ್ಲಿ ಸುದ್ದಿಯೇನೂ ಇಲ್ಲ ಎಂದು ಪಟ್ಟಣದ ಓದುಗ ತಿಳಿಯುತ್ತಾನೆ. ಊರಿನವರಿಗೆ ಅದೇ ದೊಡ್ಡ ಸುದ್ದಿ. ಈ ಎರಡು ತಿಳಿವಳಿಕೆಗಳ ನಡುವಿನ ಅಂತರದಲ್ಲಿ ಒಳ್ಳೆಯ ಸುಳಿವೊಂದನ್ನು ಅಡಗಿಸಿಡಬಹುದು.

ಹಳೆಯ ಬೂಟು

ನಾಯಿಯ ಕಥೆಯಲ್ಲಿ ಎರಡನೆಯ ಯಂತ್ರ ಮೂಗು. ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ 1901ರ ಆಗಸ್ಟಿನಿಂದ 1902ರ ಏಪ್ರಿಲ್‌ವರೆಗೆ ಸ್ಟ್ರಾಂಡ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಬೆಂಕಿಯುಗುಳುವ ದೆವ್ವದ ನಾಯಿ, ಮಂಜು ಮುಸುಕಿದ ಜೌಗು ಬಯಲು, ಶಾಪಗ್ರಸ್ತ ಮನೆತನ ಎಂದೇ ಎಲ್ಲರೂ ಅದನ್ನು ನೆನೆಯುತ್ತಾರೆ. ನನಗೆ ಅದರಲ್ಲಿ ಅತ್ಯಂತ ಪ್ರಿಯವಾದ ಭಾಗ ಲಂಡನ್ನಿನ ಹೋಟೆಲಿನಲ್ಲಿ ನಡೆಯುವ ಒಂದು ಸಣ್ಣ ಕಳ್ಳತನ. ಮನೆತನದ ವಾರಸುದಾರ ಸರ್ ಹೆನ್ರಿಯ ಬೂಟು ಕಳೆಯುತ್ತದೆ. ಮೊದಲು ಒಂದೇ ಕಾಲಿನದು, ಇನ್ನೂ ಹಾಕಿಯೇ ಇಲ್ಲದ ಹೊಚ್ಚಹೊಸದು. ಸ್ವಲ್ಪ ಸಮಯದ ಮೇಲೆ ಅದು ತಾನಾಗಿ ಸಿಗುತ್ತದೆ, ಅಷ್ಟರಲ್ಲಿ ಹಳೆಯ ಕಪ್ಪು ಬೂಟೊಂದು ಮಾಯ. ಹೋಟೆಲಿನವರ ಅಜಾಗರೂಕತೆ ಎಂದು ಎಲ್ಲರೂ ಗೊಣಗುತ್ತಾರೆ.

ದೆವ್ವಕ್ಕೆ ಬೂಟು ಬೇಕಾಗಿಲ್ಲ. ಹೊಸ ಬೂಟನ್ನು ಬಿಟ್ಟು ಹಳೆಯದನ್ನೇ ಹುಡುಕಿ ಕದ್ದವನಿಗೆ ಬೇಕಾಗಿದ್ದುದು ಮನುಷ್ಯನ ಬೆವರಿನ ವಾಸನೆ. ವಾಸನೆ ಬೇಕಾಗಿದ್ದರೆ ನಾಯಿ ನಿಜವಾದ ನಾಯಿಯೇ. ಶಾಪ, ದೆವ್ವ, ಬೆಂಕಿಯ ಬಾಯಿ ಎಲ್ಲವೂ ಆ ಒಂದು ತರ್ಕಕ್ಕೆ ಕುಸಿದುಬೀಳುತ್ತವೆ. ನಾಯಿಯ ಮೂಗು ಹೇಗೆ ಕೆಲಸ ಮಾಡುತ್ತದೆಂಬ ತಿಳಿವಳಿಕೆಯಿಂದಲೇ ಇಡೀ ಕಾದಂಬರಿಯ ಬೀಗ ತೆರೆಯುತ್ತದೆ. ಭಯವನ್ನು ಕಟ್ಟಿದ್ದೂ ನಾಯಿ, ಬಿಚ್ಚಿದ್ದೂ ನಾಯಿ.

ಹಾಗಾಗಿ ಮೂಗಿನ ಕೆಲಸ ಬರೆಯುವವರಿಗೆ ಗೊತ್ತಿರಲೇಬೇಕು. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50ರಿಂದ 60 ಲಕ್ಷ. ನಾಯಿಯಲ್ಲಿ ತಳಿಯನ್ನು ನೋಡಿಕೊಂಡು ಹತ್ತು ಕೋಟಿ ದಾಟಿ 30 ಕೋಟಿಯವರೆಗೆ ಇರುತ್ತವೆ. ನಾಯಿ ಉಸಿರನ್ನು ಹೊಳ್ಳೆಯ ಪಕ್ಕದ ಸೀಳಿನಿಂದ ಹೊರಬಿಡುವುದರಿಂದ, ಒಳಬರುವ ವಾಸನೆ ಹೊರಹೋಗುವ ಗಾಳಿಯಲ್ಲಿ ಕಲೆಸಿಹೋಗುವುದಿಲ್ಲ. ನಡೆದುಹೋದ ಮನುಷ್ಯನ ಮೈಯಿಂದ ಚರ್ಮದ ಸೂಕ್ಷ್ಮ ಚೂರುಗಳು ಸದಾ ಉದುರುತ್ತಿರುತ್ತವೆ. ಬೆವರು, ಬಟ್ಟೆ, ಸೋಪು, ತುಳಿದ ಹುಲ್ಲು, ಕದಡಿದ ಮಣ್ಣು ಎಲ್ಲ ಸೇರಿ ನೆಲದ ಮೇಲೆ ಒಂದು ದಾರಿಯಾಗುತ್ತದೆ. ತಂಪಿನಲ್ಲಿ, ಇಬ್ಬನಿಯಲ್ಲಿ, ನೆರಳಿನ ಹುಲ್ಲಿನಲ್ಲಿ ಆ ದಾರಿ ಬಹಳ ಹೊತ್ತು ಉಳಿಯುತ್ತದೆ. ಬಿಸಿಲಿಗೆ ಕಾದ ಬೋಳುಬಂಡೆಯ ಮೇಲೆ ಬೇಗ ಆರಿಹೋಗುತ್ತದೆ.

ಕೊನೆಯ ಎರಡು ವಾಕ್ಯ ಕುರುಡುಮಲೆಯ ಕಥೆಗಾರನಿಗೆ ಬಂಗಾರ. ಅಲ್ಲಿನ ಬೆಟ್ಟದಲ್ಲಿ ಬಂಡೆಯೂ ಇದೆ, ಬಂಡೆಗಳ ಸಂದಿನಲ್ಲಿ ಹುಲ್ಲೂ ಇದೆ. ಮಾರ್ಚ್ ತಿಂಗಳ ಮಧ್ಯಾಹ್ನ ಓಡಿದ ಕಳ್ಳನ ಜಾಡು ಬಂಡೆಯ ಮೇಲೆ ಕಡಿದುಹೋಗಿ, ಕೆಳಗಿನ ಸಂದಿನ ಹುಲ್ಲಿನಲ್ಲಿ ಮತ್ತೆ ಸಿಗುತ್ತದೆ. ಮಾರ್ಗಶಿರದ ಬೆಳಗಿನ ಜಾವವಾದರೆ ದಾರಿಯುದ್ದಕ್ಕೂ ಇರುತ್ತದೆ. ಊರಿನ ಹವೆಯೇ ಕಥೆಯ ಗಡಿಯಾರವಾಗುವುದು ಹೀಗೆ. ಇದನ್ನು ತಿಳಿಯದೆ ಮೂರು ದಿನದ ಹಿಂದಿನ ಜಾಡನ್ನು ಉರಿಬಿಸಿಲಿನಲ್ಲಿ ನಾಯಿ ಒಂದೇ ಓಟಕ್ಕೆ ಹಿಡಿಯಿತೆಂದು ಬರೆದರೆ, ನಾಯಿ ಸಾಕಿದ ಓದುಗ ಅಲ್ಲೇ ಪುಸ್ತಕ ಮಡಚುತ್ತಾನೆ.

ಮೂಗು ತಪ್ಪುವುದನ್ನೂ ಬರೆಯಬೇಕು. 1890ರ ‘ದಿ ಸೈನ್ ಆಫ್ ಫೋರ್’ನಲ್ಲಿ ಟೋಬಿ ಎಂಬ ಬೆರಕೆ ನಾಯಿ ಆರೋಪಿಯ ಕಾಲಿಗೆ ಮೆತ್ತಿದ್ದ ಕ್ರಿಯೊಸೋಟ್ ಎಣ್ಣೆಯ ವಾಸನೆ ಹಿಡಿದು ಲಂಡನ್ ಬೀದಿಗಳಲ್ಲಿ ಓಡುತ್ತದೆ. ಕಡೆಗೆ ಬಂದು ನಿಲ್ಲುವುದು ಕ್ರಿಯೊಸೋಟ್ ತುಂಬಿದ ಒಂದು ಪೀಪಾಯಿಯ ಮುಂದೆ! ದಾರಿಯಲ್ಲಿ ಎರಡು ಜಾಡುಗಳು ಕೂಡಿದ್ದವು, ಟೋಬಿ ಗಾಢವಾದದ್ದನ್ನು ಹಿಡಿಯಿತು. ನಾಯಿಯಾಗಿ ಅದು ಮಾಡಿದ್ದು ಸರಿಯೇ, ತಪ್ಪಿದ್ದು ಮನುಷ್ಯರ ಲೆಕ್ಕ. ವಾಪಸ್ಸು ಹೋಗಿ ಕವಲಿನಿಂದ ಮತ್ತೆ ಶುರುಮಾಡಿದಾಗ ಸರಿಯಾದ ದಾರಿ ಸಿಗುತ್ತದೆ. ಗೆಲ್ಲುತ್ತಲೇ ಹೋಗುವ ನಾಯಿಗಿಂತ ಈ ನಾಯಿಯನ್ನು ಓದುಗ ಹೆಚ್ಚು ನಂಬುತ್ತಾನೆ.

ತಳಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಕನ್ನಡದ ಕಥೆಯೆಂದ ಕೂಡಲೇ ಮುಧೋಳ ನಾಯಿಯನ್ನು ತರುವ ಆಸೆ ಹುಟ್ಟುತ್ತದೆ. ತರಲಿ, ಅದು ನಮ್ಮ ಹೆಮ್ಮೆ. 2005ರಲ್ಲಿ ಅಂಚೆ ಇಲಾಖೆ ದೇಶಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಆದರೆ ಮುಧೋಳ ಮೂಲತಃ ಕಣ್ಣಿನಿಂದ ಬೇಟೆಯಾಡುವ ನಾಯಿ. ಬಯಲಿನಲ್ಲಿ ದೂರದ ಅಲುಗಾಟ ಕಂಡು ಬಾಣದ ಹಾಗೆ ಹೋಗುವುದು ಅದರ ಹುಟ್ಟುಗುಣ. ನೆಲ ಮೂಸುತ್ತ ಗಂಟೆಗಟ್ಟಲೆ ನಡೆಸಬೇಕಾದ ಪಾತ್ರಕ್ಕೆ ಬೇರೆ ನಾಯಿ ಬೇಕು. ಮುಧೋಳ ಬೇಕೇ ಆದರೆ ಕಥೆಯಲ್ಲಿ ಬಯಲು ಬರಲಿ, ಓಡುವವನು ಬರಲಿ.

ಕಟಕಟೆಗೆ ಬಾರದ ಸಾಕ್ಷಿ

ನಿಜಜೀವನದಲ್ಲಿ ಜಾಡು ಹಿಡಿಯುವ ನಾಯಿಯ ಕಥೆ ಏನು? ದಾವಣಗೆರೆ ಜಿಲ್ಲಾ ಪೊಲೀಸ್ ಶ್ವಾನದಳದಲ್ಲಿದ್ದ ತುಂಗಾ ಎಂಬ ಡಾಬರ್‌ಮನ್ 2020ರಲ್ಲಿ ಒಂದು ಕೊಲೆ ಪ್ರಕರಣದ ಜಾಡು ಹಿಡಿದು ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಓಡಿ ಒಂದು ಮನೆಯ ಮುಂದೆ ನಿಂತದ್ದನ್ನು ನಾಡಿನ ಪತ್ರಿಕೆಗಳೆಲ್ಲ ಬರೆದವು. ಆರೋಪಿಯ ಪತ್ತೆಗೆ ಅದೇ ದಾರಿಯಾಯಿತು. ಯಾವ ಕಾದಂಬರಿಕಾರನಾದರೂ ಬರೆಯಲು ಹಿಂಜರಿಯುವಷ್ಟು ಉದ್ದದ ಓಟ ಅದು.

ಹಾಗೆಂದು ಆ ಓಟ ಒಂದರಿಂದಲೇ ಯಾರಿಗೂ ಶಿಕ್ಷೆಯಾಗುವುದಿಲ್ಲ. ಅಬ್ದುಲ್ ರಜಾಕ್ ಮುರ್ತಜಾ ದಫೇದಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1969ರಲ್ಲೇ ಈ ಪ್ರಶ್ನೆಯನ್ನು ಎತ್ತಿಕೊಂಡಿತ್ತು. ನಾಯಿ ಕಟಕಟೆಗೆ ಬಂದು ಹೇಳಿಕೆ ಕೊಡಲಾರದು. ಅದರ ಪರವಾಗಿ ಅದನ್ನು ನಡೆಸಿದವರು ಹೇಳಬೇಕು, ಅವರು ಹೇಳುವುದು ನಾಯಿಯ ಮನಸ್ಸಿನ ಮಾತಲ್ಲ, ತಮ್ಮ ಊಹೆ. ಪಾಟೀಸವಾಲು ಹಾಕೋಣವೆಂದರೆ ನಾಯಿಯನ್ನು ಕೇಳುವಂತಿಲ್ಲ. ಮನುಷ್ಯನ ಜೀವ, ಸ್ವಾತಂತ್ರ್ಯಗಳನ್ನು ನಾಯಿಯ ಅನುಮಾನದ ಮೇಲೆ ನಿಲ್ಲಿಸುವುದು ಹೇಗೆ? ಈ ಬಗೆಯ ಆಕ್ಷೇಪಗಳಿಂದಾಗಿ ನಮ್ಮ ನ್ಯಾಯಾಲಯಗಳು ಜಾಡನ್ನು ತನಿಖೆಗೆ ದಾರಿ ತೋರಿಸುವ ಮಟ್ಟಿಗೆ ಒಪ್ಪುತ್ತವೆ, ಅದರ ಮೇಲೆಯೇ ತೀರ್ಪು ಕಟ್ಟುವುದಿಲ್ಲ.

ಕಾನೂನಿಗೆ ಇದು ತೊಡಕು, ಕಾದಂಬರಿಗೆ ವರ. ನಾಯಿ ಅಪರಾಧಿಯ ಮನೆ ಬಾಗಿಲಿಗೆ ಹೋಗಿ ನಿಂತಿತು ಎಂಬಲ್ಲಿಗೆ ಕಥೆ ಮುಗಿದರೆ ಅರ್ಧ ಪುಸ್ತಕವೂ ಆಗುವುದಿಲ್ಲ. ಕೋರ್ಟು ನಂಬುವ ಬೇರೆ ಪುರಾವೆ ಬೇಕೆಂದಾಗ ಪತ್ತೇದಾರ ಮತ್ತೆ ದುಡಿಯಬೇಕಾಗುತ್ತದೆ. ನಾಯಿಗೆ ಉತ್ತರ ಗೊತ್ತು, ಮನುಷ್ಯನಿಗೂ ಅರ್ಧ ಗೊತ್ತು, ರುಜುವಾತು ಮಾತ್ರ ಇಲ್ಲ. ಸಸ್ಪೆನ್ಸ್ ಎಂಬುದು ಆ ನಡುವಿನ ಹೊತ್ತು.

ಆರೋಪ ಹೊತ್ತ ನಾಯಿ

ಸಾಕ್ಷಿಯಾಗಿದ್ದ ನಾಯಿಯನ್ನೇ ಆರೋಪಿಯಾಗಿಸುವುದು ಮೂರನೆಯ ಬಗೆ. ಅಗಾಥಾ ಕ್ರಿಸ್ಟಿ 1937ರಲ್ಲಿ ಬರೆದ ‘ಡಂಬ್ ವಿಟ್ನೆಸ್’ನಲ್ಲಿ ಶ್ರೀಮಂತ ಮುದುಕಿಯೊಬ್ಬಳು ರಾತ್ರಿ ಮೆಟ್ಟಿಲಿಂದ ಉರುಳಿ ಬೀಳುತ್ತಾಳೆ. ಅವಳ ಟೆರಿಯರ್ ನಾಯಿ ಬಾಬ್ ಮೆಟ್ಟಿಲ ತುದಿಯಲ್ಲಿ ಚೆಂಡು ಬಿಡುವ ಆಟದವನು, ಚೆಂಡಿನ ಮೇಲೆ ಕಾಲಿಟ್ಟು ಬಿದ್ದಳೆಂದು ಮನೆಮಂದಿಯೆಲ್ಲ ಒಪ್ಪಿಬಿಡುತ್ತಾರೆ. ಮುದುಕಿಗೆ ಮಾತ್ರ ಅನುಮಾನ. ಆ ರಾತ್ರಿ ಬಾಬ್ ಮನೆಯೊಳಗೇ ಇರಲಿಲ್ಲ ಎಂಬುದು ಹೊರಬಂದಾಗ ನಾಯಿಯ ಮೇಲಿನ ಆರೋಪ ಬಿದ್ದುಹೋಗುತ್ತದೆ, ಬಿದ್ದ ಕೂಡಲೇ ಕೊಲೆಯ ಪ್ರಯತ್ನವೊಂದು ಎದ್ದು ನಿಲ್ಲುತ್ತದೆ. ಕೊಲೆಗಾರರು ಯಾರೆಂದು ನಾನು ಹೇಳುವುದಿಲ್ಲ, ಓದಿಕೊಳ್ಳಿ. ಈ ಪುಸ್ತಕವನ್ನು ಕ್ರಿಸ್ಟಿ ಅರ್ಪಿಸಿದ್ದು ತನ್ನ ಸಾಕುನಾಯಿ ಪೀಟರ್‌ಗೆ.

ಕನ್ನಡದ ಮಕ್ಕಳಿಗೆ ಈ ಯಂತ್ರ ಹೊಸದಲ್ಲ. ತೊಟ್ಟಿಲ ಬಳಿ ಹಾವು ಕೊಂದು ಬಾಯಿಗೆ ರಕ್ತ ಮೆತ್ತಿಕೊಂಡು ಬಾಗಿಲಿಗೆ ಓಡಿಬಂದ ಮುಂಗುಸಿಯನ್ನು, ಮಗುವನ್ನೇ ಕೊಂದಿತೆಂದು ತಿಳಿದು ತಾಯಿ ಹೊಡೆದು ಸಾಯಿಸಿದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ವೇಲ್ಸ್ ದೇಶದಲ್ಲಿ ಅದೇ ಕಥೆ ಗೆಲರ್ಟ್ ಎಂಬ ನಾಯಿಯದಾಗಿದೆ. ರಕ್ತ ನಿಜ, ಅದರಿಂದ ಕಟ್ಟಿಕೊಂಡ ಅರ್ಥ ಸುಳ್ಳು. ಪತ್ತೇದಾರಿ ಬರಹಗಾರ ಓದುಗನ ದಾರಿ ತಪ್ಪಿಸಬೇಕಾದದ್ದು ಹೀಗೆಯೇ, ಸುಳ್ಳು ಸಂಗತಿಯಿಂದಲ್ಲ, ನಿಜ ಸಂಗತಿಯ ಅವಸರದ ಓದಿನಿಂದ.

ಮಾರ್ಕ್ ಹ್ಯಾಡನ್‌ನ 2003ರ ‘ದಿ ಕ್ಯೂರಿಯಸ್ ಇನ್ಸಿಡೆಂಟ್ ಆಫ್ ದಿ ಡಾಗ್ ಇನ್ ದಿ ನೈಟ್-ಟೈಮ್’ ಕಾದಂಬರಿಯಲ್ಲಿ ನಾಯಿ ಹತವಾಗುವುದರಿಂದಲೇ ಕಥೆ ಶುರು. ನೆರೆಮನೆಯ ವೆಲಿಂಗ್ಟನ್ ಎಂಬ ನಾಯಿಯನ್ನು ಕೊಂದವರಾರೆಂದು ಹದಿನೈದರ ಹುಡುಗ ಹುಡುಕಹೊರಟು ತನ್ನ ಮನೆಯ ಗುಟ್ಟಿಗೇ ಬಂದು ತಲುಪುತ್ತಾನೆ. ಅದರ ಶೀರ್ಷಿಕೆ ಡಾಯ್ಲ್‌ನ ಆ ಬೊಗಳದ ನಾಯಿಯ ಪ್ರಸಂಗದಿಂದಲೇ ಬಂದದ್ದು.

ಇನ್ನು ನಾಯಿಯೇ ಕಥೆ ಹೇಳುವ ಪುಸ್ತಕಗಳು. ಸ್ಪೆನ್ಸರ್ ಕ್ವಿನ್ 2009ರಲ್ಲಿ ಶುರುಮಾಡಿದ ಚೆಟ್ ಮತ್ತು ಬರ್ನಿ ಮಾಲೆಯಲ್ಲಿ ನಿರೂಪಕ ಚೆಟ್ ಎಂಬ ನಾಯಿ. ಪೊಲೀಸ್ ನಾಯಿಯ ತರಬೇತಿಯಲ್ಲಿ ತೇರ್ಗಡೆಯಾಗದವನು. ಮುಖ್ಯವಾದ ವಾಸನೆಯೊಂದು ಸಿಕ್ಕಿರುತ್ತದೆ, ಅಷ್ಟರಲ್ಲಿ ತಿಂಡಿ ಕಂಡು ಗಮನ ಅತ್ತ ಹೋಗುತ್ತದೆ. ಸುಳಿವು ಓದುಗನ ಕೈಗೆ ಬಂತು, ಚೆಟ್ ಅದನ್ನು ಮರೆತೂ ಬಿಟ್ಟ. ರಾಬರ್ಟ್ ಕ್ರೈಸ್‌ನ 2013ರ ‘ಸಸ್ಪೆಕ್ಟ್’ ಗಂಭೀರವಾದದ್ದು. ಅಫ್ಘಾನಿಸ್ತಾನದಲ್ಲಿ ಗಾಯಗೊಂಡ ಸೇನೆಯ ನಾಯಿ ಮ್ಯಾಗಿ, ಗುಂಡೇಟು ತಿಂದ ಪೊಲೀಸ್ ಅಧಿಕಾರಿ, ಇಬ್ಬರಿಗೂ ಸದ್ದು ಕೇಳಿದರೆ ನಡುಕ. ಮ್ಯಾಗಿಯ ಕಡೆಯಿಂದ ಹೇಳುವ ಅಧ್ಯಾಯಗಳಲ್ಲಿ ಲೋಕವೆಲ್ಲ ವಾಸನೆ. ಹಾಗೆ ಬರೆಯುವವರು ನಾಯಿಯ ಕಣ್ಣನ್ನೂ ತಿಳಿದಿರಬೇಕು. ಅದಕ್ಕೆ ಕಾಣುವುದು ಮುಖ್ಯವಾಗಿ ನೀಲಿ, ಹಳದಿ; ಕೆಂಪು, ಹಸಿರು ಬೇರೆಯಾಗಿ ಕಾಣುವುದಿಲ್ಲ. ಕಿವಿಗೆ ನಮಗೆ ಕೇಳದ ಎತ್ತರದ ಸ್ವರವೂ ಕೇಳುತ್ತದೆ, ನಮ್ಮದು 20,000 ಹರ್ಟ್ಸ್‌ಗೆ ನಿಂತರೆ ಅದರದು 45,000ದ ಹತ್ತಿರ. ನಾಯಿ ನಿರೂಪಕ ಕೆಂಪು ಸೀರೆಯನ್ನು ಕೆಂಪೆಂದು ಗುರುತಿಸಿದರೆ ಆಟ ಕೆಟ್ಟಿತು.

ನಮ್ಮ ನಾಯಿಗಳು

ನಮ್ಮಲ್ಲಿ ಈ ಕಥೆಗಳಿಗೆ ಬೇರಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಲೋಕದ ಮೊದಲ ಪತ್ತೇದಾರ ನಾಯಿ ಋಗ್ವೇದದ ಸರಮೆ ಎಂದೇ ನನ್ನ ಎಣಿಕೆ. ಪಣಿಗಳೆಂಬ ಕಳ್ಳರು ಹಸುಗಳನ್ನು ಕದ್ದು ಬಚ್ಚಿಟ್ಟಾಗ ಇಂದ್ರನ ದೂತಿಯಾಗಿ ಜಾಡು ಹಿಡಿದು, ನದಿ ದಾಟಿ, ಬಚ್ಚಿಟ್ಟ ಜಾಗವನ್ನು ಕಂಡುಹಿಡಿದವಳು ಅವಳು. ಪಣಿಗಳು ಅವಳನ್ನು ತಂಗಿಯೆಂದು ಕರೆದು, ಪಾಲು ಕೊಡುತ್ತೇವೆಂದು ಆಮಿಷ ಒಡ್ಡುತ್ತಾರೆ, ಅವಳು ಒಪ್ಪುವುದಿಲ್ಲ. ಕಳವು, ಜಾಡು, ಅಡಗುತಾಣ, ಲಂಚದ ಆಮಿಷ ಎಲ್ಲವೂ ಅಲ್ಲಿವೆ. ಮಹಾಭಾರತದ ಆದಿಪರ್ವದಲ್ಲಿ ಅವಳ ಮಗನನ್ನು ಜನಮೇಜಯನ ತಮ್ಮಂದಿರು ಯಾಗಶಾಲೆಯಿಂದ ಹೊಡೆದಟ್ಟುತ್ತಾರೆ. ಹವಿಸ್ಸನ್ನು ಮುಟ್ಟಲಿಲ್ಲ, ನೋಡಲೂ ಇಲ್ಲ, ಮತ್ತೇಕೆ ಹೊಡೆದಿರಿ ಎಂದು ಸರಮೆ ಬಂದು ಕೇಳಿದರೆ ಯಾರಲ್ಲೂ ಉತ್ತರವಿಲ್ಲ. ಕ್ರಿಸ್ಟಿಯ ಬಾಬ್‌ನ ಮೇಲೆ ಬಂದದ್ದೂ ಇಂಥದೇ ಆರೋಪ.

ಕಲ್ಲಿನಲ್ಲಿಯೂ ನಾಯಿಗಳಿವೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಹತ್ತನೆಯ ಶತಮಾನದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಏನು ಬೇಕೆಂದು ಕೇಳಿದಾಗ ಅವನು ಬಯಸಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಹಂದಿಯೊಂದರ ಜೊತೆ ಕಾದಾಡಿ, ಎರಡೂ ಸತ್ತವು. ಮಣಲೆರ ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿ ಹಂದಿಯ ಮೇಲೆರಗಿದ ಚಿತ್ರವನ್ನು ಇವತ್ತೂ ಹತ್ತಿರದಿಂದ ನೋಡಬಹುದು. ಕುರುಡುಮಲೆಯಿರುವ ಮುಳಬಾಗಿಲು ತಾಲ್ಲೂಕಿನಲ್ಲೂ ಹಂದಿಬೇಟೆಯ ನಾಯಿಗಳನ್ನು ನೆನೆಯುವ ಹಳೆಯ ಶಾಸನವಿದೆ. ಕೋಲಾರದ ಸೀತಿ ಬೆಟ್ಟದಲ್ಲಿ ಭೈರವನಿದ್ದಾನೆ, ಭೈರವನ ಜೊತೆ ನಾಯಿ ಇದ್ದೇ ಇರುತ್ತದೆ. ಈ ಸೀಮೆಯವರಿಗೆ ನಾಯಿಯನ್ನು ಕಥೆಯ ನಡುಮಧ್ಯಕ್ಕೆ ಕರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಆಧುನಿಕ ಕನ್ನಡದಲ್ಲಿ ಎರಡು ನಾಯಿಗಳನ್ನು ಬರೆಯುವವರು ಅಭ್ಯಾಸ ಮಾಡಲೇಬೇಕು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಹುಲಿಯ ಒಂದು. ತಿಮ್ಮಿಯನ್ನು ಕರೆದೊಯ್ಯಲು ಕಾಡು ದಾಟುವ ಗುತ್ತಿಯ ಜೊತೆ ಈ ನಾಯಿ ಎಷ್ಟು ಒಂದಾಗಿದೆಯೆಂದರೆ ಅವನ ಹೆಸರೇ ನಾಯಿಗುತ್ತಿ. ಕತ್ತಲಲ್ಲಿ ಎದುರಿಗೇನಿದೆ ಎಂಬುದು ಗುತ್ತಿಗೆ ಗೊತ್ತಾಗುವ ಮೊದಲು ಹುಲಿಯನಿಗೆ ಗೊತ್ತಾಗುತ್ತದೆ, ನಮಗೆ ಹುಲಿಯನ ಮೈಯಿಂದ ಗೊತ್ತಾಗುತ್ತದೆ. ತುಂಗೆಯ ಪ್ರವಾಹದಲ್ಲಿ ಅದು ಕೊಚ್ಚಿಹೋಗುವಾಗ ಮನುಷ್ಯಪಾತ್ರವೊಂದು ಹೋದಷ್ಟೇ ಸಂಕಟವಾಗುತ್ತದೆ. ಇನ್ನೊಂದು ಪೂರ್ಣಚಂದ್ರ ತೇಜಸ್ವಿಯವರ ಕಿವಿ. ‘ಕರ್ವಾಲೋ’ (1980) ಪತ್ತೇದಾರಿಯಲ್ಲ, ಆದರೆ ಹಾರುವ ಓತಿಯನ್ನು ಹುಡುಕುವ ಆ ಕಥೆಯ ಕುತೂಹಲ ಪತ್ತೇದಾರಿಯದೇ. ಮಂದಣ್ಣ, ಕರಿಯಪ್ಪ, ಎಂಗ್ಟ, ಪ್ರಭಾಕರರಿರುವ ತಂಡದಲ್ಲಿ ಕಿವಿಯೂ ಒಂದು ಪೂರ್ತಿ ಪಾತ್ರ. ತೇಜಸ್ವಿ ಅದಕ್ಕೆ ಮನುಷ್ಯರ ಬುದ್ಧಿ ಕೊಡುವುದಿಲ್ಲ, ನಾಯಿಯ ಬುದ್ಧಿಯನ್ನು ಕಡಿಮೆಯೂ ಮಾಡುವುದಿಲ್ಲ. ಅದೇ ಅಳತೆ ರಹಸ್ಯ ಕಾದಂಬರಿಗೂ ಬೇಕು.

ಕುರುಡುಮಲೆಯಲ್ಲೊಂದು ಕಥೆ ಕಟ್ಟಿದರೆ

ಕಲ್ಪಿಸಿಕೊಳ್ಳೋಣ. ವರ್ಷ 2023, ಜುಲೈ. ಕೋಲಾರದ ಮಂಡಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿಗೆ ಎರಡು ಸಾವಿರ ರೂಪಾಯಿ ದಾಟಿದ ಆ ಕಾಲ. ರೈತರು ರಾತ್ರಿ ತೋಟದಲ್ಲಿ ಮಲಗಿ ಕಾವಲು ಕಾಯುತ್ತಿದ್ದುದು ನಿಜ ಸಂಗತಿ, ಇನ್ನು ಮುಂದಿನದು ಕಥೆ. ಕುರುಡುಮಲೆಯ ಅಂಚಿನ ತೋಟವೊಂದರಲ್ಲಿ ಬೆಳಿಗ್ಗೆ ಮಂಡಿಗೆ ಹೊರಡಬೇಕಿದ್ದ ಬಾಕ್ಸುಗಳು ಮಾಯವಾಗಿವೆ. ತೋಟದಲ್ಲಿ ಕರಿಯ ಎಂಬ ನಾಯಿ ಇತ್ತು. ಊರಿನ ಹಿರಿಯರೊಬ್ಬರ ಬಳಿ ಹೈಸ್ಕೂಲಿನ ಹುಡುಗಿಯೊಬ್ಬಳು ವಿಚಾರಿಸುತ್ತಾಳೆ.

“ರಾತ್ರಿ ನಾಯಿ ಏನಾದ್ರೂ ಕೂಗ್ತಾ ತಾತಾ?”

“ಬೀದಿ ನಾಯಿಗಳು ಒಂದಷ್ಟು ಹೊತ್ತು ಕೂಗಿದ್ವು ಕಣಮ್ಮಾ. ಆಮೇಲೆ ಸುಮ್ಕಾದ್ವು.”

“ಕರಿಯ?”

“ಅದರ ದನಿ ಕೇಳ್ಳಿಲ್ಲ.”

ಮೂರು ಸುಳಿವು ಈಗಲೇ ಬಂದಾಯಿತು. ಬೀದಿನಾಯಿಗಳು ಕೂಗಿದವು, ಆದ್ದರಿಂದ ಬಂದ ಗಾಡಿ ಆ ಬೀದಿಗೆ ಹೊಸದು. ಆಮೇಲೆ ಸುಮ್ಮನಾದವು, ಆದ್ದರಿಂದ ಗಾಡಿಯಿಂದ ಯಾರೋ ಇಳಿದರು, ಇಳಿದವರು ಹೊಸಬರಲ್ಲ. ಕರಿಯ ಕೂಗಲೇ ಇಲ್ಲ. ಇಷ್ಟೇ ಆದರೆ ಡಾಯ್ಲ್‌ನ ನಕಲು. ಕಥೆಗಾರ ಇಲ್ಲಿಂದ ಮುಂದೆ ತನ್ನ ಊರನ್ನು ಬಳಸಬೇಕು.

ಮುಳಬಾಗಿಲು ಆಂಧ್ರದ ಗಡಿಗೆ ಅಂಟಿಕೊಂಡ ತಾಲ್ಲೂಕು. ಒಂದೇ ಜಗಲಿಯಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ಮರಿಯಾಗಿದ್ದಾಗ ಒಂದು ಮನೆಯಲ್ಲಿ ಬೆಳೆದು, ಆಮೇಲೆ ಇನ್ನೊಂದು ಮನೆಗೆ ಬಂದ ನಾಯಿ ಮೊದಲ ಮನೆಯ ಮಾತನ್ನು ಮರೆಯುವುದಿಲ್ಲ. ಕರಿಯನನ್ನು ಈಗಿನ ಯಜಮಾನ ‘ಬಾರೋ’ ಎಂದರೆ ಅದು ಮೆಲ್ಲಗೆ ಬರುತ್ತದೆ. ಹಾಲಿನ ಡೈರಿಯ ಮುಂದೆ ಯಾರೋ ಮಗುವನ್ನು ‘ರಾ ರಾ’ ಎಂದು ಕರೆದಾಗ ಮಲಗಿದ್ದ ಕರಿಯ ದಿಗ್ಗನೆ ಎದ್ದು ನಿಲ್ಲುತ್ತದೆ. ಈ ದೃಶ್ಯವನ್ನು ಕಳ್ಳತನಕ್ಕೆ ಬಹಳ ಮುಂಚೆಯೇ, ಹಾಲಿನ ಲೀಟರಿಗೆ ಎಷ್ಟು ಕೊಡುತ್ತಾರೆಂಬ ಮಾತಿನ ನಡುವೆ, ಒಂದೇ ವಾಕ್ಯದಲ್ಲಿ ಇಟ್ಟು ಮುಂದೆ ಹೋಗಿಬಿಡಬೇಕು. ಕರಿಯನನ್ನು ಮರಿಯಾಗಿದ್ದಾಗ ಸಾಕಿದವರು ಯಾರೆಂಬುದು ನೂರು ಪುಟದ ಮೇಲೆ ಬರಲಿ.

ಇಡುವುದರಲ್ಲೇ ಇದೆ ಕೈಚಳಕ. ನಾಯಿಯ ಸುಳಿವನ್ನು ಅಧ್ಯಾಯದ ಕೊನೆಗಿಟ್ಟರೆ ಓದುಗ ಥಟ್ಟನೆ ಹಿಡಿಯುತ್ತಾನೆ. ನಾಯಿಯನ್ನು ಊರಿನ ನಿತ್ಯದ ಭಾಗವಾಗಿ ಮೊದಲೇ ಹತ್ತಾರು ಸಲ ತಂದಿರಬೇಕು. ಗುಡಿಯ ಮುಂದೆ ತೆಂಗಿನಚಿಪ್ಪು ನೆಕ್ಕುತ್ತಿರಲಿ, ಮಳೆಗೆ ಟ್ರಾಕ್ಟರಿನ ಕೆಳಗೆ ಸೇರಿಕೊಂಡಿರಲಿ. ಹತ್ತರಲ್ಲಿ ಒಂದು ಮಾತ್ರ ಸುಳಿವು. ಕಳ್ಳತನವಾದ ಬೆಳಿಗ್ಗೆ ಕರಿಯ ಮುದ್ದೆಯನ್ನು ಮೂಸಿ ಬಿಟ್ಟುಬಿಟ್ಟಿತು ಎಂದು ಬರೆದರೆ, ಮೈ ಸರಿಯಿಲ್ಲವೇನೋ ಎಂದುಕೊಂಡು ಓದುಗ ಮುಂದೆ ಹೋಗುತ್ತಾನೆ. ರಾತ್ರಿ ಯಾರೋ ಅದಕ್ಕೆ ಹೊಟ್ಟೆತುಂಬ ಹಾಕಿದ್ದರು.

ನಾಯಿಯ ಭಾವವನ್ನು ಹೇಳಬಾರದು, ಮೈಯನ್ನು ತೋರಿಸಬೇಕು. ‘ಕರಿಯನಿಗೆ ಅನುಮಾನ ಬಂತು’ ಎಂದರೆ ಅದು ಬರಹಗಾರನ ಅನುಮಾನ. ಕಿವಿ ಹಿಂದಕ್ಕೆ ಒತ್ತಿತು, ನಾಲಿಗೆ ಮೂಗಿನ ಮೇಲೆ ಎರಡು ಸಲ ಆಡಿತು, ನಿದ್ದೆಯಿಲ್ಲದೆಯೂ ಆಕಳಿಸಿತು, ಬಾಲ ತಗ್ಗಿ ಮಂಚದ ಕೆಳಗೆ ಸರಿಯಿತು ಎಂದರೆ ಅದು ಹೆದರಿದ ನಾಯಿ, ಗುರುತಿಸುವುದು ಓದುಗನ ಕೆಲಸ. ಬಾಲ ಆಡಿಸಿತೆಂದಮಾತ್ರಕ್ಕೆ ಖುಷಿಯೆಂದು ತಿಳಿಯುವುದೂ ತಪ್ಪು. ಬಾಲವನ್ನು ಎತ್ತರಕ್ಕೆ ಸೆಟೆಸಿ ಸಣ್ಣಗೆ ಅದುರಿಸುವ ನಾಯಿ ಜಗಳಕ್ಕೆ ನಿಂತಿರುತ್ತದೆ. ಇಂಥ ಒಂದು ತಪ್ಪು ಓದನ್ನು ಪಾತ್ರದ ಬಾಯಲ್ಲಿ ಹೇಳಿಸಿದರೆ ಒಳ್ಳೆಯ ಅಡ್ಡದಾರಿಯಾಗುತ್ತದೆ.

ಹಾಗೆಯೇ ಪೊಲೀಸ್ ನಾಯಿಯನ್ನೂ ತರಬಹುದು. ಅದು ತೋಟದಿಂದ ಹೊರಟು ಗಣಪತಿ ಗುಡಿಯವರೆಗೆ ಬಂದು ನಿಂತುಬಿಡುತ್ತದೆ. ದಿನಾ ನೂರಾರು ಜನ ತುಳಿಯುವ ಆ ಅಂಗಳದಲ್ಲಿ ಯಾವ ಜಾಡಿದ್ದೀತು! ಟೋಬಿಯ ಪೀಪಾಯಿ ಇದ್ದಂತೆ ಕುರುಡುಮಲೆಗೆ ಆ ಅಂಗಳ. ಕಳ್ಳ ಬೇಕೆಂದೇ ಅತ್ತ ನಡೆದನೋ, ಬೆಳಗಿನ ಪೂಜೆಗೆ ನಿತ್ಯ ಬರುವವನೋ ಎಂಬಲ್ಲಿ ಅನುಮಾನ ಇಬ್ಬರು ಮೂವರ ಮೇಲೆ ಹಂಚಿಹೋಗುತ್ತದೆ. ಬಯಲಿಗೆಳೆಯುವುದು ಕೊನೆಗೆ ಊರಿನ ಕರಿಯನೇ ಆಗಲಿ, ತರಬೇತಿಯಿಂದಲ್ಲ, ಹಳೆಯ ಸಲಿಗೆಯಿಂದ. ಕೋರ್ಟಿಗೆ ಬೇಕಾದ ರುಜುವಾತನ್ನು ಮಂಡಿಯ ಚೀಟಿಯಿಂದಲೋ ಗಾಡಿ ಬಾಡಿಗೆಯ ಲೆಕ್ಕದಿಂದಲೋ ಹುಡುಗಿ ತರಬೇಕು.

ಉಳಿದದ್ದು ಕರಿಯ ಬದುಕಿರಬೇಕೇ ಎಂಬ ಪ್ರಶ್ನೆ. ನಾಯಿಯನ್ನು ಕೊಂದು ಕಣ್ಣೀರು ತರಿಸುವುದು ಸುಲಭ, ಅದಕ್ಕೇ ಬಹಳ ಮಂದಿ ಹಾಗೆ ಮಾಡುತ್ತಾರೆ. ಹುಲಿಯನ ಸಾವನ್ನು ನಾವು ಒಪ್ಪುವುದು ಆ ಕಾದಂಬರಿಯ ಬದುಕೆಲ್ಲ ಆ ಹೊಳೆಯ ಕಡೆಗೆ ಹರಿಯುತ್ತಿದ್ದುದರಿಂದ. ಕಳ್ಳನ ಕ್ರೌರ್ಯ ತೋರಿಸಲು ಮಾತ್ರ ವಿಷ ಹಾಕಿಸಿದರೆ ಓದುಗ ಕ್ಷಮಿಸುವುದಿಲ್ಲ, ಕ್ಷಮಿಸಲೂ ಬಾರದು. ಕರಿಯನಿಗೆ ಕಳ್ಳನ ಮೇಲೆ ಪ್ರೀತಿಯಿದೆ ಎಂಬುದನ್ನು ಮರೆಯಬೇಡಿ. ಹಿಡಿದುಕೊಟ್ಟದ್ದು ಆ ಪ್ರೀತಿಯೇ. ಪೊಲೀಸ್ ಜೀಪು ಹೊರಟಾಗ ಅದರ ಹಿಂದೆ ಓಡುವ ನಾಯಿಯನ್ನು ಈಗಿನ ಯಜಮಾನ ಏನೆಂದು ಕರೆಯುತ್ತಾನೆ, ‘ಬಾ’ ಎಂದೋ ‘ರಾ’ ಎಂದೋ, ಅದನ್ನು ಬರೆಯುವವರು ಯೋಚಿಸಲಿ.

ಓದಲು ಶುರುಮಾಡುವವರು ‘ಸಿಲ್ವರ್ ಬ್ಲೇಜ್’ನಿಂದ ಶುರುಮಾಡಿ, ಒಂದು ಸಂಜೆಗೆ ಮುಗಿಯುತ್ತದೆ. ಆಮೇಲೆ ‘ಡಂಬ್ ವಿಟ್ನೆಸ್’. ‘ಬಾಸ್ಕರ್‌ವಿಲ್ಸ್’ ಓದುವಾಗ ಬೂಟಿನ ಮೇಲೆ ಕಣ್ಣಿಡಿ. ಬರೆಯುವವರು ಇವೆಲ್ಲದರ ಜೊತೆಗೆ ‘ಕರ್ವಾಲೋ’ವನ್ನು ಇನ್ನೊಮ್ಮೆ ತೆಗೆದು, ಕಿವಿ ಬರುವ ಜಾಗಗಳಿಗೆಲ್ಲ ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಓದಬೇಕು.